ಹೋಗ್ತೀನಿ ಅಲ್ಲ, ಹೋಗಿ ಬರ್ತೀನಿ



ಹೋದ ಸಂಚಿಕೆಯಲ್ಲಿ ಹಪ್ಪಳ, ಸಂಡಿಗೆ ಒಣಗಿಸುವ ಮಾತಾಡಿದವಳು ಈ ಸಲ ಹಿಮದ ಮಾತೆತ್ತಿದರೆ ನಗಬೇಡಿ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಹಿಮ ಬಿಟ್ಟರೆ ಬೇರೆ ಹಿಮವನ್ನು ನಾನೂ ಕಂಡವಳಲ್ಲ. ಆದರೆ ನನ್ನ ತಂಗಿಯ ಮಗಳು ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಳೆ. ಮಾರ್ಚ್ ತಿಂಗಳ ಒಂದು ದಿನ ಫೋನ್ ಮಾಡಿ, "ದೊಡ್ಡಮ್ಮ, ನಾಳೆ ಒಬ್ಳೇ ಬೆಟ್ಟಕ್ಕೆ ಹೋಗ್ತಿದ್ದೀನಿ, ಹಿಮದಲ್ಲಿ ನಡೆಯೋಕೆ. ಅಮ್ಮಂಗೆ ಮಾತ್ರ ಹೇಳ್ಬೇಡಿ" ಅಂದಳು.

ನನ್ನ ಎದೆ ಧಸಕ್ಕೆಂದಿತು. "ಯಾಕೆ, ಜೊತೆಗೆ ಯಾರೂ ಸಿಗ್ಲಿಲ್ವೇನೇ?" ಅಂದೆ. "ಸಿಗ್ತಾರೆ ದೊಡ್ಡಮ್ಮ. ವಾರವೆಲ್ಲಾ ಜನರ ಮಧ್ಯೆ ಮಾತಾಡಿ ಸಾಕಾಗಿರುತ್ತೆ. ಮಧ್ಯಾಹ್ನ ಎಲ್ರೂ ಮಲಗಿದ್ಮೇಲೆ ನೀವು ಹಿತ್ತಲಲ್ಲಿ ಒಬ್ರೇ ಕೂತ್ಕೋತೀರಲ್ಲ, ಹಾಗೇ ಇದು" ಅಂದಳು. ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಅವಳು ಹೊರಟಿದ್ದ ಊರು ಪಾಮ್ ಸ್ಪ್ರಿಂಗ್ಸ್. ಅದು ಮರುಭೂಮಿ. ಚಳಿಗಾಲದಲ್ಲಿ ಒಳ್ಳೆಯ ಮಳೆಯಾದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಆ ಮರಳಿನಲ್ಲೇ ನೇರಳೆ, ಹಳದಿ ಹೂ ಹಾಸಿದಂತೆ ಅರಳುತ್ತವಂತೆ. ಅದೇ ಊರಿನ ನೆತ್ತಿಯ ಮೇಲೆ ಸಾನ್ ಹಸಿಂಟೋ ಎಂಬ 10,834 ಅಡಿಯ ಪರ್ವತ. ಅಲ್ಲಿ ಆಗಿನ್ನೂ ಹಿಮ. 1963ರಿಂದ ಅಲ್ಲೊಂದು ತಂತಿಯ ಮೇಲಿನ ತೂಗುಬಂಡಿ ಇದೆ. 2,643 ಅಡಿಯಿಂದ 8,516 ಅಡಿಗೆ ಸುಮಾರು ಹತ್ತು ನಿಮಿಷದಲ್ಲಿ ಒಯ್ಯುತ್ತದೆ. ಹತ್ತುವಾಗ ಸೆಕೆ, ಇಳಿಯುವಾಗ ಹಲ್ಲು ಕಟಕಟ! ಬೆಟ್ಟದ ಮೇಲೆ ನಡೆಯಲು ಕಾವಲಿನವರ ಕಟ್ಟೆಯಲ್ಲಿ ಹೆಸರು ಬರೆಸಿ ಚೀಟಿ ಪಡೆಯಬೇಕು.

ಹಿಮದಲ್ಲಿ ನಡೆಯಲು ಸ್ನೋಶೂ ಅಂತ ಕಟ್ಟಿಕೊಳ್ಳುತ್ತಾರೆ. ನಮ್ಮ ಮೊರವನ್ನು ಉದ್ದಕ್ಕೆ ಎಳೆದು ಬೂಟಿನಡಿ ಕಟ್ಟಿದಂತೆ ಅಂದುಕೊಳ್ಳಿ. ಹಿಂದೆ ಬಾಗಿಸಿದ ಮರದ ಚೌಕಟ್ಟಿಗೆ ಚರ್ಮದ ದಾರ ಹೆಣೆಯುತ್ತಿದ್ದರು. ಈಗ ಅಲ್ಯೂಮಿನಿಯಂ, ಪ್ಲಾಸ್ಟಿಕ್. ಮೈಭಾರ ಅಗಲಕ್ಕೆ ಹಂಚಿಹೋಗುವುದರಿಂದ ಕಾಲು ಹಿಮದಲ್ಲಿ ಹೂತುಕೊಳ್ಳುವುದಿಲ್ಲ. ಅಡಿಯಲ್ಲಿ ಜಾರದಂತೆ ಲೋಹದ ಮುಳ್ಳುಗಳಿರುತ್ತವೆ. ಹಿಮ್ಮಡಿ ಮಾತ್ರ ಬಿಡಿಯಾಗಿರುತ್ತದೆ, ನಡೆಯುವಾಗ ಮೇಲೇಳುತ್ತದೆ.

"ಇಷ್ಟೇನಾ" ಅಂದುಕೊಂಡಿರೋ, ಇನ್ನೂ ಇದೆ. ಮಾರ್ಚ್‌ನ ಹಿಮ ಬೆಳಿಗ್ಗೆ ಗಾಜಿನಂತೆ ಗಟ್ಟಿ, ಮಧ್ಯಾಹ್ನ ಬಿಸಿಲಿಗೆ ಅಂಬಲಿಯಂತೆ. ಕಡಿದಾದ ಇಳಿಜಾರಿನಲ್ಲಿ ಹಿಮದ ರಾಶಿಯೇ ಕುಸಿಯಬಹುದು. ಮರದ ಬುಡದ ಸುತ್ತ ಸಡಿಲ ಹಿಮದ ಗುಂಡಿ ಇರುತ್ತದೆ, ಹತ್ತಿರ ಹೋಗಬಾರದು. ಬಿಳಿ ಹಿಮ ಬಿಸಿಲನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ, ಕಪ್ಪು ಕನ್ನಡಕವಿಲ್ಲದಿದ್ದರೆ ಕಣ್ಣು ಕೆಂಡವಾಗುತ್ತದೆ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಮೈ ತಣ್ಣಗಾಗಿಸಿಬಿಡುತ್ತದೆ, ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮಾತು ತೊದಲಿ, ಕೈ ತಡವರಿಸಿ, ಕಾಲು ಎಡವತೊಡಗಿದರೆ ಶೀತ ಒಳಗೆ ಇಳಿಯಿತೆಂದೇ ಅರ್ಥ. ಕೆಳಗಿನ ಮರುಭೂಮಿಯಲ್ಲಾದರೋ ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರು ಬೇಕು. ಎಲ್ಲೋ ದೂರದ ಮಳೆಗೆ ಒಣಹಳ್ಳದಲ್ಲಿ ಇದ್ದಕ್ಕಿದ್ದಂತೆ ಪ್ರವಾಹ ಬರುತ್ತದೆ.

ಇದನ್ನೆಲ್ಲ ಹೇಳಿ ಅವಳೇ ಇನ್ನೊಂದು ಕಥೆ ಹೇಳಿದಳು. ಆರನ್ ರಾಲ್‌ಸ್ಟನ್ ಎಂಬಾತ ಚಳಿಗಾಲದ ಹಿಮಪರ್ವತಗಳನ್ನು ಒಬ್ಬನೇ ಏರಿ ಪಳಗಿದವನು. 2003ರ ಏಪ್ರಿಲ್ ಕೊನೆಯಲ್ಲಿ ಯೂಟಾದ ಮರುಭೂಮಿಯ ಬ್ಲೂಜಾನ್ ಕಣಿವೆಗೆ ಹೋದ. ಜಾರಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ಕಳೆದ ಮೇಲೆ ಮೊಂಡು ಚಾಕುವಿನಿಂದ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. 2010ರಲ್ಲಿ ಅದು ಸಿನಿಮಾ ಆಯಿತು, ಸಂಗೀತ ನಮ್ಮ ಎ. ಆರ್. ರೆಹಮಾನ್ ಅವರದು. ಅವನಿಗೆ ಧೈರ್ಯ ಇರಲಿಲ್ಲವೇ? ಬೇಕಾದಷ್ಟಿತ್ತು. ಎಲ್ಲಿಗೆ ಹೋಗುತ್ತೇನೆಂದು ಒಬ್ಬರಿಗೂ ಹೇಳಿರಲಿಲ್ಲ, ಅಷ್ಟೆ.

"ಅದಕ್ಕೇ ನಿಮಗೆ ಹೇಳ್ತಿದ್ದೀನಿ, ಬರ್ಕೊಳ್ಳಿ" ಅಂದಳು. ಯಾವ ದಾರಿ, ಎಷ್ಟು ಹೊತ್ತಿಗೆ ಹೊರಡೋದು, ಜಾಕೆಟ್ಟಿನ ಬಣ್ಣ, ಎಷ್ಟು ಹೊತ್ತಿಗೆ ವಾಪಸ್ಸು, ಫೋನ್ ಬರದಿದ್ದರೆ ಯಾವ ನಂಬರಿಗೆ ತಿಳಿಸಬೇಕು. ಗ್ಯಾಸ್ ಬಿಲ್ಲಿನ ಹಿಂದೆ ಬರೆದುಕೊಂಡೆ. ಅವರ ಸಂಜೆ ಐದಕ್ಕೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ ಫೋನ್ ಮಾಡುತ್ತೇನೆಂದಳು. ಎಂಟೂವರೆಗೂ ಸುದ್ದಿ ಇಲ್ಲದಿದ್ದರೆ ಮಾತ್ರ ಆ ನಂಬರು.

ಮಾರನೆಯ ಬೆಳಿಗ್ಗೆ ಐದೂವರೆ ಆಯಿತು. ಆರಾಯಿತು. ಹಾಲು ಉಕ್ಕಿತು. ನಮ್ಮ ಮನೆಯವರು "ಯಾಕೆ ಹಾಗಿದ್ದೀಯ?" ಅಂದರೂ ಹೇಳಲಿಲ್ಲ. ಆರೂವರೆಗೆ ತಂಗಿಯೇ ಫೋನ್ ಮಾಡಿ ಉಪ್ಪಿನಕಾಯಿಯ ಅಳತೆ ಕೇಳಿದಳು. ಅವಳ ಮಗಳ ದಾರಿ ನನ್ನ ಕೈಯ ಚೀಟಿಯಲ್ಲಿತ್ತು, ನಾನು ಸಾಸಿವೆಯ ಲೆಕ್ಕ ಹೇಳುತ್ತಿದ್ದೆ. ಆ ಐದು ನಿಮಿಷ ನನಗೆ ನಾನೇ ಕಳ್ಳಿಯಂತೆ ಕಂಡೆ.

ಏಳಕ್ಕೆ ಹತ್ತು ನಿಮಿಷ ಇರುವಾಗ ಹುಡುಗಿ ಫೋನ್ ಮಾಡಿದಳು. ಹಿಮ ಮೆತ್ತಗಾಗಿ ನಡಿಗೆ ನಿಧಾನವಾಯಿತಂತೆ. ಒಂದು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಅವಳ ನಿಯಮ. ಅಂದುಕೊಂಡ ಜಾಗ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ ಬಂದಳಂತೆ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಆದರೂ ಹೇಳಿದೆ: "ನೋಡು ಪುಟ್ಟಿ, ನೀನು ಹೋಗೋದಕ್ಕೆ ನನ್ನ ಅಡ್ಡಿ ಇಲ್ಲ. ನಿಮ್ಮಮ್ಮನಿಂದ ಮುಚ್ಚಿಡೋದು ನನ್ನ ಕೈಲಾಗಲ್ಲ. ಹೊರಡುವಾಗ 'ಹೋಗ್ತೀನಿ' ಅನ್ಬಾರ್ದು, 'ಹೋಗಿ ಬರ್ತೀನಿ' ಅನ್ಬೇಕು ಅಂತ ಅಜ್ಜಿ ಕಲಿಸಿದ್ದು ಸುಮ್ನೆ ಅಲ್ಲ. ಬರೋ ಹೊತ್ತು ಹೇಳಿದಾಗಲೇ ಅದು ಪೂರ್ತಿ ಆಗೋದು." ಆ ಕಡೆ ಸ್ವಲ್ಪ ಹೊತ್ತು ಮೌನ. ಆ ವಾರವೇ ಅಮ್ಮನಿಗೆ ತಾನೇ ಹೇಳಿದಳು. ತಂಗಿ ಅತ್ತಳು, ನನ್ನ ಮೇಲೂ ಸಿಟ್ಟಾದಳು. ಈಗ ಚೀಟಿ ಬರೆದುಕೊಳ್ಳುವವಳು ಅವಳೇ. ಐದಕ್ಕೇ ಎದ್ದು ಕೂತಿರುತ್ತಾಳೆ.

ನಿಮ್ಮ ಮಕ್ಕಳೂ ಎಲ್ಲಿಗಾದರೂ ಒಬ್ಬರೇ ಹೊರಟರೆ, ಮೊದಲು "ಬೇಡ" ಅನ್ನುವ ಬದಲು ಒಂದು ಚೀಟಿ ತೆಗೆದುಕೊಳ್ಳಿ. ಬೇಡವೆಂದರೆ ಹೇಳದೆ ಹೋಗುವ ಮಕ್ಕಳೇ ಹೆಚ್ಚು.

ಕೊನೆಗೆ ಒಂದು ತಿಂಡಿ. ಚಳಿಯಲ್ಲಿ ಚಿಕ್ಕಿ ಕಲ್ಲಿನಂತಾಗಿ ಹಲ್ಲಿಗೆ ಬರುವುದಿಲ್ಲವಂತೆ. ಅದಕ್ಕೆ ಪಾಕವಿಲ್ಲದ ಉಂಡೆ ಹೇಳಿಕೊಟ್ಟೆ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಒಂದು ಬಟ್ಟಲು, ಬೀಜ ತೆಗೆದ ಮೆತ್ತನೆಯ ಖರ್ಜೂರ ಒಂದು ಬಟ್ಟಲು, ಹುರಿದ ಎಳ್ಳು ಮತ್ತು ಕೊಬ್ಬರಿ ತುರಿ ಕಾಲು ಕಾಲು ಬಟ್ಟಲು, ಎರಡು ಏಲಕ್ಕಿ, ಚಿಟಿಕೆ ಉಪ್ಪು. ಕಡಲೆಕಾಯಿ ಬೀಜವನ್ನು ತರಿಯಾಗಿ ಪುಡಿ ಮಾಡಿ, ಖರ್ಜೂರ ಸೇರಿಸಿ ತಿರುವಿ, ಉಳಿದದ್ದು ಬೆರೆಸಿ ಸಣ್ಣ ಉಂಡೆ ಕಟ್ಟಿ. ಬೆಟ್ಟಕ್ಕೆ ಹೋಗದವರೂ ತಿನ್ನಬಹುದು!

ಮುಂದಿನ ಸಂಚಿಕೆಗೆ ಮತ್ತೆ ಸಿಗೋಣ. ಹೋಗಿ ಬರ್ತೀನಿ.