ಮಾಲ್ ಬಾಗಿಲಲ್ಲಿ ಪಂಚೆ: ಆರ್ಕಿಟೆಕ್ಟ್‌ಗಳಿಗೂ ಒಂದು ಪ್ರಶ್ನೆ

2024ರ ಜುಲೈನಲ್ಲಿ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂದು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಳಗೆ ಬಿಡಲಿಲ್ಲ. ಸರ್ಕಾರ 7 ದಿನ ಮಾಲ್ ಮುಚ್ಚಿಸಿತು. ಅಲ್ಲಿಗೆ ವಿಷಯ ಮುಗೀತಾ?

ಎಲ್ಲರೂ ಬೈದದ್ದು ಸೆಕ್ಯುರಿಟಿಯವರನ್ನು. ಆದರೆ ಮಾಲ್‌ಗಳಲ್ಲಿ ತಪಾಸಣೆಯ ಬಾಗಿಲು ಎಲ್ಲಿರಬೇಕು, ದುಡ್ಡು ಕೊಡದೆ ಕೂರೋಕೆ ಜಾಗ ಇರಬೇಕಾ ಬೇಡವಾ ಅನ್ನೋದು ಮೊದಲು ತೀರ್ಮಾನವಾಗೋದು ನಕ್ಷೆಯಲ್ಲಿ. ಪಾರ್ಕಿನಲ್ಲಿ ನಾವು ನಾಗರಿಕರು, ಮಾಲ್‌ನಲ್ಲಿ ಬರೀ ಗಿರಾಕಿಗಳು. ಊರಿನ ಓಡಾಟ ಮಾಲ್‌ಗಳಿಗೆ ಸರಿದಷ್ಟೂ ಈ ವ್ಯತ್ಯಾಸ ಚುಚ್ಚುತ್ತೆ.

ತಮ್ಮ ಕೆಲಸ ಸಮಾಜದ ಒಳಿತಿಗೆ ವಿರುದ್ಧವಾಗಬಾರದು ಅಂತ ಆರ್ಕಿಟೆಕ್ಟ್‌ಗಳ 1989ರ ವೃತ್ತಿ ನಡವಳಿಕೆ ನಿಯಮಗಳೇ ಹೇಳುತ್ತವೆ. ಹಾಗಾಗಿ ‘ಬಿಲ್ಡರ್ ಕೇಳಿದ್ರು, ಬರೆದುಕೊಟ್ವಿ’ ಅನ್ನೋದು ಉತ್ತರವಲ್ಲ. ಈ ಬಾಗಿಲು ಯಾರಿಗೆ ತೆರೆಯುತ್ತೆ ಅಂತ ಸಹಿ ಹಾಕೋ ಮೊದಲೇ ಅವರು ಕೇಳಬೇಕು. ಮಂಜೂರಾತಿ ಕೊಡೋ ಪಾಲಿಕೆಯೂ ಕೇಳಬೇಕು.