ದೃಷ್ಟಿಕೋನವೋ, ದರ್ಪವೋ?

ನಂಜನಗೂಡಿನಲ್ಲಿ ಗುಂಡ್ಲು ಹೊಳೆ ಬಂದು ಕಪಿಲೆಯನ್ನು ಸೇರುತ್ತದೆ. ಅದೇ ಕಪಿಲೆ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಈ ಸೀಮೆಯಲ್ಲಿ ಸೇವೆ ಸಲ್ಲಿಸಿದ ಗುರುಗಳಲ್ಲಿ ಈ ಸಂಗಮವನ್ನು ಪ್ರಬೋಧನೆಗೆ ಬಳಸಿಕೊಳ್ಳದವರು ವಿರಳ. ನಾನೂ ಬಳಸಿಕೊಂಡಿದ್ದೇನೆ. ನದಿಗಳು ತಮ್ಮ ಬಣ್ಣವನ್ನೂ ಹೆಸರನ್ನೂ ಮರೆತು ಒಂದಾಗುವಂತೆ ನಾವೂ ಒಂದಾಗೋಣ ಎಂದು ಹೇಳಿ, ಕೇಳುವವರು ತಲೆದೂಗುವುದನ್ನು ಕಂಡು ತೃಪ್ತಿಪಟ್ಟಿದ್ದೇನೆ. ಈಗ ಆ ಮಾತನ್ನಾಡಲು ನಾಲಿಗೆ ಏಳುವುದಿಲ್ಲ. ನದಿಗಳು ಸೇರುವ ಇದೇ ಎರಡು ತಾಲ್ಲೂಕುಗಳಲ್ಲಿ ಮನುಷ್ಯರು ಸೇರದೆ ಹೋದ ಕಥೆಗಳು ನನಗೆ ಗೊತ್ತು. ಅವುಗಳಲ್ಲಿ ಒಂದಕ್ಕೆ ನಾನೇ ಕಾರಣನಾಗಿದ್ದೆ ಎಂಬುದೂ ಗೊತ್ತು. ಅದನ್ನು ಕಡೆಗೆ ಹೇಳುತ್ತೇನೆ.

ಸಮಾಜ ಏಕೆ ಒಡೆಯುತ್ತದೆ ಎಂದು ಯಾರನ್ನು ಕೇಳಿದರೂ ಒಂದು ಸಿದ್ಧ ಉತ್ತರ ಸಿಗುತ್ತದೆ: ಅವರವರ ದೃಷ್ಟಿಕೋನ ಬೇರೆ ಬೇರೆ. ವಿಚಾರ ಸಂಕಿರಣಗಳಲ್ಲಿ, ಸೌಹಾರ್ದ ಸಭೆಗಳಲ್ಲಿ, ನಮ್ಮ ಧ್ಯಾನಕೂಟಗಳಲ್ಲಿಯೂ ಇದೇ ಮಾತು. ಕೇಳುವುದಕ್ಕೆ ಎಷ್ಟು ಸೌಮ್ಯವಾಗಿದೆ! ಯಾರಿಗೂ ನೋವಿಲ್ಲ, ಯಾರ ಮೇಲೂ ಆರೋಪವಿಲ್ಲ. ಆದರೆ ಪ್ರಿಯ ಓದುಗರೇ, ಈ ಸೌಮ್ಯವಾದ ಮಾತು ಬಹುತೇಕ ಸಂದರ್ಭಗಳಲ್ಲಿ ಸುಳ್ಳು ಎಂಬುದು ನನ್ನ ವಾದ. ದೃಷ್ಟಿ ಬೇರೆಯಾದ ಮಾತ್ರಕ್ಕೆ ಊರು ಒಡೆಯುವುದಿಲ್ಲ. ಒಂದೇ ಮನೆಯಲ್ಲಿ ಅಪ್ಪ ಒಂದು ಪಕ್ಷಕ್ಕೆ, ಮಗ ಇನ್ನೊಂದು ಪಕ್ಷಕ್ಕೆ ಮತ ಹಾಕಿ ಸಂಜೆ ಜೊತೆಯಲ್ಲಿ ಕುಳಿತು ಊಟ ಮಾಡುತ್ತಾರೆ. ಊರು ಒಡೆಯುವುದು ದರ್ಪದಿಂದ. ದರ್ಪವನ್ನು ದರ್ಪವೆಂದು ಕರೆಯಲು ಅಂಜುವ ನಾವು ಅದಕ್ಕೆ ದೃಷ್ಟಿಕೋನವೆಂಬ ಮರ್ಯಾದೆಯ ಹೆಸರನ್ನು ಕೊಟ್ಟಿದ್ದೇವೆ.

ದೃಷ್ಟಿಯೇ ನಿಜವಾಗಿ ಬೇರೆಯಾಗಿದ್ದ ಸಂದರ್ಭಗಳೂ ಇವೆ, ಇಲ್ಲವೆನ್ನಲಾರೆ. 2023ರ ಡಿಸೆಂಬರ್ ಕೊನೆಯಲ್ಲಿ ನಂಜನಗೂಡಿನಲ್ಲಿ ಶ್ರೀಕಂಠೇಶ್ವರ ದೇವಾಲಯದ ಅಂಧಕಾಸುರ ಸಂಹಾರದ ಆಚರಣೆಯ ಹೊತ್ತಿಗೆ ನಡೆದ ಗಲಾಟೆಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಒಂದು ಗುಂಪಿಗೆ ಅದು ಅಸುರನ ಸಂಹಾರ, ತಲೆಮಾರುಗಳಿಂದ ಬಂದ ಸಂಪ್ರದಾಯ. ಇನ್ನೊಂದು ಗುಂಪಿಗೆ ಆ ಚಿತ್ರದಲ್ಲಿದ್ದವನು ಮಹಿಷ, ತಮ್ಮವನೆಂದು ಅವರು ಗೌರವಿಸುವ ಅರಸ. ಅವನನ್ನು ತುಳಿಯುವುದು ತಮ್ಮನ್ನೇ ತುಳಿದಂತೆ. ವಾದ ಬೆಳೆಯಿತು, ಉತ್ಸವಮೂರ್ತಿಯ ಮೇಲೆ ನೀರು ಬಿತ್ತು, ದೂರು ದಾಖಲಾಯಿತು, ಪಟ್ಟಣ ಉದ್ವಿಗ್ನವಾಯಿತು. ಬೇರೆ ಧರ್ಮದವರ ಆಚರಣೆಯ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಅಲ್ಲಿ ಎರಡು ನೆನಪುಗಳಿದ್ದವು, ಎರಡು ಕಥೆಗಳಿದ್ದವು, ಕುಳಿತು ಮಾತನಾಡಲು ವಿಷಯವಿತ್ತು. ಅದೇ ವರ್ಷದ ಜುಲೈನಲ್ಲಿ ತಿ. ನರಸೀಪುರದಲ್ಲಿ ಹನುಮ ಜಯಂತಿಯ ಮೆರವಣಿಗೆಯ ವೇಳೆ ಹುಟ್ಟಿದ ಜಗಳ ಮರುದಿನ ಯುವಕನೊಬ್ಬನ ಕೊಲೆಯಲ್ಲಿ ಮುಗಿದಾಗ ಅಂತಹ ಕಥೆಯೂ ಇರಲಿಲ್ಲ. ಬೈಕೊಂದರ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತೆಂದು ವರದಿಯಾಯಿತು. ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಪ್ರಶ್ನೆಗೆ ಒಂದು ಜೀವ ಹೋಯಿತು. ಆಮೇಲೆ ಬಂದವರು ಆ ಸಾವಿಗೆ ತಮಗೆ ಬೇಕಾದ ಬಣ್ಣ ಬಳಿದರು.

ಆದರೆ ನಾನು ಹೇಳಬೇಕಾದದ್ದು ಬದನವಾಳಿನ ವಿಷಯ.

ನಂಜನಗೂಡು ತಾಲ್ಲೂಕಿನ ಈ ಗ್ರಾಮಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅಲ್ಲಿನ ಖಾದಿ ಕೇಂದ್ರದ ಚರಕ, ಮಗ್ಗಗಳ ಹೆಸರು ನಾಡಿನಲ್ಲೆಲ್ಲ ಹರಡಿತ್ತು. ಗಾಂಧಿ ನಡೆದ ಅದೇ ಊರಿನಲ್ಲಿ ಸಿದ್ಧೇಶ್ವರ ದೇವಾಲಯಕ್ಕೆ ದಲಿತರ ಪ್ರವೇಶದ ಪ್ರಶ್ನೆ ಎದ್ದಿತು. 1993ರ ಮಾರ್ಚ್ ತಿಂಗಳಲ್ಲಿ ದಲಿತ ಸಮುದಾಯದ ಮೂವರನ್ನು ಕೊಲ್ಲಲಾಯಿತು. ಅಲ್ಲಿಂದಾಚೆಗೆ ಲಿಂಗಾಯತರ ಕೇರಿಗೂ ದಲಿತರ ಕೇರಿಗೂ ನಡುವೆ ಇದ್ದ ದಾರಿಯಲ್ಲಿ ಓಡಾಟ ನಿಂತುಹೋಯಿತು. ಒಂದೆರಡು ತಿಂಗಳಲ್ಲ, ಸುಮಾರು 29 ವರ್ಷ. 1993ರಲ್ಲಿ ಹುಟ್ಟಿದ ಕೂಸು ಬೆಳೆದು, ಶಾಲೆ ಮುಗಿಸಿ, ಮದುವೆಯಾಗಿ, ತಾನೇ ಮಕ್ಕಳನ್ನು ಹೆರುವಷ್ಟು ಕಾಲ. 2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಪಾದಯಾತ್ರೆಯಲ್ಲಿ ಬಂದ ರಾಹುಲ್ ಗಾಂಧಿಯವರ ಸಮ್ಮುಖದಲ್ಲಿ ಆ ದಾರಿಗೆ ಹೊಸದಾಗಿ ಕಲ್ಲು ಹಾಸಿ ತೆರೆಯಲಾಯಿತು. ಎರಡೂ ಸಮುದಾಯದವರು ಒಟ್ಟಿಗೆ ಕುಳಿತು ಊಟ ಮಾಡಿದರು. ರಾಜಕೀಯದವರ ಲೆಕ್ಕಾಚಾರ ಏನೇ ಇರಲಿ, ದಾರಿ ತೆರೆದದ್ದು ಒಳ್ಳೆಯದೇ ಆಯಿತು. ಬಂದವರು ಮುಂದಿನ ಊರಿಗೆ ನಡೆದರು; ಅಲ್ಲೇ ಬಾಳಬೇಕಾದವರು ಅಲ್ಲಿಯೇ ಇದ್ದಾರೆ.

ಈಗ ಹೇಳಿ, ಆ 29 ವರ್ಷ ಆ ದಾರಿಯನ್ನು ಮುಚ್ಚಿದ್ದು ಯಾವ ದೃಷ್ಟಿಕೋನ? ದೇವರ ಸ್ವರೂಪದ ಬಗ್ಗೆ ಅಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಇಬ್ಬರಿಗೂ ಅದೇ ಸಿದ್ಧೇಶ್ವರ ಬೇಕಾಗಿತ್ತು. ಒಬ್ಬರು ಒಳಗೆ ಬರುತ್ತೇವೆ ಎಂದರು, ಇನ್ನೊಬ್ಬರು ಬರಕೂಡದು ಎಂದರು. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ತಗ್ಗಬೇಕು ಎನ್ನುವ ಶಾಂತಿಪ್ರಿಯರಿಗೆ ನನ್ನದೊಂದು ಪ್ರಶ್ನೆ: ಬಾಗಿಲ ಹೊರಗೆ ನಿಂತವನು ಇನ್ನೆಷ್ಟು ತಗ್ಗಬೇಕು?

ಇದೇ ತಾಲ್ಲೂಕಿನ ಹಲ್ಲರೆ ಗ್ರಾಮದಲ್ಲಿ 2020ರ ನವೆಂಬರ್‌ನಲ್ಲಿ ಒಬ್ಬ ಕ್ಷೌರಿಕ, ದಲಿತರ ತಲೆಗೂದಲು ಕತ್ತರಿಸಿದ ತಪ್ಪಿಗೆ ತನ್ನ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದ್ದಾರೆಂದು ಅಧಿಕಾರಿಗಳ ಬಳಿ ಗೋಳು ಹೇಳಿಕೊಂಡ. ಅವನಿಗೆ ತತ್ವಜ್ಞಾನದ ಗೊಡವೆ ಇರಲಿಲ್ಲ. ಬಂದವರಿಗೆಲ್ಲ ಒಂದೇ ಕತ್ತರಿ ಹಿಡಿದ, ಅಷ್ಟೆ.

ಇಲ್ಲಿಯವರೆಗೆ ಓದಿದ ಕೆಲವರು ಒಳಗೊಳಗೇ ನೆಮ್ಮದಿಯ ಉಸಿರು ಬಿಟ್ಟಿರಬಹುದು. ಇದೆಲ್ಲ ಅವರ ಧರ್ಮದ ರೋಗ, ನಮ್ಮಲ್ಲಿ ಜಾತಿ ಇಲ್ಲವಲ್ಲ! ಈ ನೆಮ್ಮದಿಯೇ ನನ್ನ ಲೇಖನಿಯನ್ನು ಕೆಣಕಿದ್ದು. ಹನ್ನೆರಡನೆಯ ಶತಮಾನದ ಬಸವಣ್ಣನವರನ್ನು ಗುರುವೆಂದು ಒಪ್ಪಿದ ಸಮುದಾಯದ ಕೇರಿಯ ದಾರಿ ಮುಚ್ಚಿತೆಂದು ಬೆರಳು ತೋರಿಸುವ ಮೊದಲು, ಸಮಾರಿಯದ ಹೆಣ್ಣಿನ ಕೈಯಿಂದ ನೀರು ಕೇಳಿದ ಕ್ರಿಸ್ತರನ್ನು ಪ್ರಭುವೆಂದು ಒಪ್ಪಿದವರ ಮನೆಗಳಲ್ಲಿ ನೀರಿನ ಲೋಟಗಳು ಎಷ್ಟು ಬಗೆಯವು ಎಂದು ನೋಡಿಕೊಳ್ಳೋಣ. 2003ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರನ್ನು ಭೇಟಿಯಾದಾಗ ಕ್ರೈಸ್ತರೊಳಗಿನ ಜಾತಿಭೇದವನ್ನು ನೇರವಾಗಿ ಖಂಡಿಸಿದರು. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆಯ ಆಚರಣೆ ಉಳಿದಿದೆ ಎಂದು ಒಪ್ಪಿಕೊಂಡಿತು. ಆ ಪುಸ್ತಿಕೆ ಎಷ್ಟು ಧರ್ಮಕೇಂದ್ರಗಳ ಪಾಲನಾ ಸಮಿತಿಯಲ್ಲಿ ಚರ್ಚೆಗೆ ಬಂತು? ನಾನಿದ್ದ ಕಡೆ ಬರಲಿಲ್ಲ. ನಾನೂ ತರಲಿಲ್ಲ.

ನಮ್ಮ ಎರಡು ನಾಲಿಗೆಯನ್ನು ಗಮನಿಸಿ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸೌಲಭ್ಯವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ದಲಿತ ಕ್ರೈಸ್ತರಿಗೆ ಇಂದಿಗೂ ಇಲ್ಲ. ಇದು ಅನ್ಯಾಯವೆಂದು ನಾವು ಪ್ರತಿವರ್ಷ ಆಗಸ್ಟ್ 10ರಂದು ಕರಾಳ ದಿನ ಆಚರಿಸುತ್ತೇವೆ. ಮತಾಂತರದಿಂದ ಜಾತಿಯ ನೋವು ಅಳಿಯುವುದಿಲ್ಲ ಎಂದು ಸರ್ಕಾರದ ಮುಂದೆ ವಾದಿಸುತ್ತೇವೆ. ನ್ಯಾಯವಾದ ವಾದ, ನಾನೂ ಸಹಿ ಹಾಕಿದ್ದೇನೆ. ಆದರೆ ಅದೇ ಭಾನುವಾರ ದೇವಾಲಯದ ಅಂಗಳದಲ್ಲಿ ಜಾತಿಯ ಮಾತೆತ್ತಿದರೆ, ನಮ್ಮಲ್ಲಿ ಅದೆಲ್ಲ ಇಲ್ಲ ಸ್ವಾಮಿ, ನೀವು ಯಾಕೆ ಇಲ್ಲದ್ದನ್ನು ಹುಟ್ಟಿಸುತ್ತೀರಿ ಎನ್ನುತ್ತೇವೆ. ದೆಹಲಿಯಲ್ಲಿ ಇರುವ ಜಾತಿ ನಮ್ಮ ಊರಿನ ಚರ್ಚಿನಲ್ಲಿ ಮಾತ್ರ ಮಾಯವಾಗುವುದು ಯಾವ ಪವಾಡ?

ಜಾತಿಯೊಂದೇ ಅಲ್ಲ. ನಮ್ಮ ಧರ್ಮಕ್ಷೇತ್ರದಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮಾತನಾಡುವವರಿದ್ದಾರೆ. ಅದು ದೇವರ ಕೊಡುಗೆ. ಪೂಜೆ ಯಾವ ಭಾಷೆಯಲ್ಲಿ ಎಂಬುದು ಕುಳಿತು ಬಗೆಹರಿಸಬಹುದಾದ ಪ್ರಶ್ನೆ. ಆದರೆ ನಾವು ಕಟ್ಟಿಸಿದ ಚರ್ಚಿನಲ್ಲಿ ಅವರ ಹಾಡೇನು ಎಂದು ಒಬ್ಬರು ಕೇಳಿದ ಕ್ಷಣ ಅದು ಭಾಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಈ ರೋಗ ಧರ್ಮಸಭೆಯಷ್ಟೇ ಹಳೆಯದು. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಕುಳಿತು ಊಟ ಮಾಡುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದರು. ಅವರೇನೆನ್ನುವರೋ ಎಂಬ ಭಯಕ್ಕೆ ಪೇತ್ರರು ಪಂಕ್ತಿಯಿಂದ ಹಿಂದೆ ಸರಿದರು. ಅವರನ್ನು ನೋಡಿ ಬಾರ್ನಬರಂತಹ ಸಜ್ಜನರೂ ಸರಿದರು. ಗಮನಿಸಿ, ಪೇತ್ರರ ದೃಷ್ಟಿಕೋನ ಬದಲಾಗಿರಲಿಲ್ಲ. ಸರಿ ಯಾವುದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಸಂತ ಪೌಲರು ಆಗ ಏನು ಮಾಡಿದರು? ಎಲ್ಲರಿಗೂ ಅವರವರ ಭಾವನೆ ಇರುತ್ತದೆ ಎನ್ನಲಿಲ್ಲ. ಎಲ್ಲರ ಎದುರಿನಲ್ಲಿ, ಮುಖಕ್ಕೆ ಮುಖ ಕೊಟ್ಟು, ಇದು ತಪ್ಪು ಎಂದರು. ಅದನ್ನು ಗಲಾತ್ಯರಿಗೆ ಬರೆದ ಪತ್ರದಲ್ಲಿ ದಾಖಲಿಸಿಯೂ ಇಟ್ಟರು. ಪ್ರೇಷಿತರ ಮುಖ್ಯಸ್ಥರ ಮಾನ ಕಾಪಾಡಲೆಂದು ಧರ್ಮಸಭೆ ಆ ಪುಟವನ್ನು ಹರಿದುಹಾಕಲಿಲ್ಲ ಎಂಬುದು ನನಗೆ ಸದಾ ಧೈರ್ಯ ಕೊಡುವ ಸಂಗತಿ.

ಆ ಧೈರ್ಯ ನನಗೆ ಬೇಕಾದ ದಿನ ಇರಲಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಯಾವ ಊರೆಂದು ಹೇಳಲಾರೆ. ಪಾಲಕ ಸಂತರ ಹಬ್ಬದ ದಿನ ಊಟದ ಹೊತ್ತಿಗೆ ಕೆಲವು ಹಿರಿಯರು ನನ್ನ ಕೋಣೆಗೆ ಬಂದರು. ಮೊದಲ ಪಂಕ್ತಿ ನಮ್ಮವರಿಗಾಗಲಿ, ಹಿಂದಿನಿಂದಲೂ ಹಾಗೆಯೇ ನಡೆದು ಬಂದಿದೆ, ಜಗಳ ಬೇಡ ಎಂದರು. ಹೊರಗೆ ಬ್ಯಾಂಡಿನವರು ನಿಂತಿದ್ದರು, ಅತಿಥಿ ಗುರುಗಳು ಹಸಿದಿದ್ದರು, ನನಗೂ ಗಲಾಟೆ ಬೇಡವಾಗಿತ್ತು. ಜಾಗ ಸಾಲದು, ಎರಡು ಪಂಕ್ತಿ ಮಾಡೋಣ ಎಂದು ಧ್ವನಿವರ್ಧಕದಲ್ಲಿ ಸಾರಿದೆ. ಜಾಗ ಸಾಕಾಗಿತ್ತು. ಅದು ನನಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಎರಡನೆಯ ಪಂಕ್ತಿಗೆ ಕಾಯಬೇಕಾದವರಲ್ಲಿ ಪ್ರತಿದಿನ ಮುಂಜಾನೆ ದೇವಾಲಯದ ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರಿದ್ದರು. ಅವರು ಕಾಯಲಿಲ್ಲ. ಗೇಟಿನ ಬಳಿ ನನ್ನನ್ನು ಕಂಡು, "ನಾನು ಮನೇಲೇ ಉಣ್ತೀನಿ ಸ್ವಾಮಿ, ನೀವು ಬೇಜಾರ್ ಮಾಡ್ಕಬೇಡಿ" ಎಂದು ನನಗೇ ಸಮಾಧಾನ ಹೇಳಿ ಹೋದರು. ಅಂದು ಬೆಳಿಗ್ಗೆ ಅದೇ ಕೈಗಳಿಗೆ ನಾನು ಪರಮಪ್ರಸಾದವನ್ನು ಕೊಟ್ಟಿದ್ದೆ.

ಮರುದಿನ ಮುಂಜಾನೆ ಅಂಗಳ ಎಂದಿನಂತೆ ಗುಡಿಸಿತ್ತು. ನಾನು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಗುರುವಾದವನು ಹಾಗೆಲ್ಲ ಕೇಳಬಾರದೆಂಬ ಬಿಂಕ. ನಾನು ವರ್ಗವಾಗಿ ಹೋದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ದರ್ಪವೆಂದರೆ ಮೀಸೆ ತಿರುವುವವರದು ಮಾತ್ರ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಈ ಬರಹ ಪ್ರಕಟವಾದ ಮೇಲೆ ಕೆಲವರು ಮುನಿಯುವರೆಂದು ಬಲ್ಲೆ. ನಮ್ಮೊಳಗಿನ ಮಾತನ್ನು ಬೀದಿಗೆ ತಂದಿರಿ ಎನ್ನುವರು. ಹಬ್ಬದ ಊಟಕ್ಕೆ ಇಷ್ಟು ದೊಡ್ಡ ರಾದ್ಧಾಂತವೇ ಎನ್ನುವರು. ಮದುವೆಯ ಸಂಬಂಧ ನೋಡುವಾಗ ಮನೆತನ ವಿಚಾರಿಸುವುದು ತಪ್ಪೇ, ಅದು ನಮ್ಮ ನಮ್ಮ ದೃಷ್ಟಿಕೋನವಲ್ಲವೇ ಎಂದು ಇನ್ನೂ ಕೆಲವರು ಕೇಳುವರು. ಬರೆಯಿರಿ, ಎಲ್ಲ ಪತ್ರಗಳನ್ನೂ ಓದುತ್ತೇನೆ. ಬರೆಯುವಾಗ ಒಂದು ವಿವರವನ್ನು ಮಾತ್ರ ಮರೆಯದೆ ಸೇರಿಸಿ: ಕಳೆದ ಹಬ್ಬದ ಊಟದಲ್ಲಿ ನಿಮ್ಮ ಎಡಕ್ಕೂ ಬಲಕ್ಕೂ ಕುಳಿತಿದ್ದವರು ಯಾರು?