ಗೋಡೆಯೊಳಗಿನ ತಂತಿ ಯಾರ ಹೊಣೆ?

2023ರ ಜುಲೈ ತಿಂಗಳಿನಿಂದ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ನಡೆದಿದೆ. ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ, ತಿಂಗಳಿಗೆ 200 ಯುನಿಟ್ಟಿನ ಮಿತಿಯೊಳಗೆ ಮನೆಯ ವಿದ್ಯುತ್ತಿಗೆ ಬಿಲ್ಲು ಮಾಫಿ. ಬಾಡಿಗೆಯವರಿಗೂ ಇದು ಸಿಕ್ಕಿದೆ. ದುಡಿಯುವವರ ಮನೆಗೆ ಇದರಿಂದ ಆಸರೆಯಾಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿಲ್ಲು ಹೋಯಿತೇ ಹೊರತು ಗೋಡೆಯ ತಂತಿ ಹೊಸದಾಗಲಿಲ್ಲ. ಹೆಸ್ಕಾಂ ಕಂಪನಿಯ ಹೊಣೆ ಮೀಟರಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಒಳಗೆ ಇರುವುದು ಎಷ್ಟು ವರ್ಷದ ತಂತಿ, ಎಷ್ಟು ಭಾರ ತಡೆದೀತು ಎಂದು ಕೇಳುವವರಾರು?

ನಮ್ಮ ಬಾಗಲಕೋಟೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿಯೇ ಒಪ್ಪಿತು. ಅಂದಿನಿಂದ ಹಳೆಯ ಊರಿನಲ್ಲಿ ಉಳಿದವರಿಗೆ ಕಾಯುವುದೇ ಕೆಲಸವಾಗಿದೆ. ಇಂದಲ್ಲ ನಾಳೆ ನೀರಿಗೆ ಹೋಗುವ ಮನೆಗೆ ಯಾರು ರೊಕ್ಕ ಹಾಕಬೇಕು ಎಂಬ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಆದರೆ ವಿದ್ಯಾಗಿರಿಗೆ ಆ ನೆಪವೂ ಇಲ್ಲ. 1963ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಇಲ್ಲಿ ವಿದ್ಯಾರ್ಥಿಗಳೊಡನೆ ಬಾಡಿಗೆ ಕೋಣೆಗಳೂ ಬೆಳೆದವು. ಒಂದು ಸಂಸಾರಕ್ಕೆಂದು ತಂತಿ ಎಳೆದ ಮನೆಯಲ್ಲಿ ಈಗ ನಾಲ್ಕು ಒಲೆ, ನಾಲ್ಕು ಬಾಡಿಗೆ. ತಂತಿ ಮಾತ್ರ ಅದೇ.

ಲೆಕ್ಕ ಹಾಕಿ ನೋಡೋಣ. 40 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಆಂಪಿಯರಿನ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. 2000 ವ್ಯಾಟಿನ ಗೀಜರು ಸುಮಾರು 9 ಆಂಪಿಯರು ಎಳೆಯುತ್ತದೆ. ಅಂದರೆ ಒಂದೇ ಸಲಕ್ಕೆ ಐವತ್ತು ಬಲ್ಬು. ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ. ಬಲ್ಬು, ಫ್ಯಾನುಗಳಿಗೆಂದು ಹಾಕಿದ ಸಣ್ಣ ತಂತಿಗೆ ಗೀಜರು, ಇಸ್ತ್ರಿ, ಮಿಕ್ಸರುಗಳನ್ನು ಹಚ್ಚಿದರೆ ಆ ಕಾವೆಲ್ಲ ಗೋಡೆಯೊಳಗೇ ಕೂಡುತ್ತದೆ. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ರಬ್ಬರು ಹೊದಿಕೆಯ ತಂತಿ ವರ್ಷಗಳು ಉರುಳಿದಂತೆ ಒಣಗಿ, ಬೆರಳು ತಾಗಿದರೆ ಹಪ್ಪಳದಂತೆ ಉದುರುತ್ತದೆ. ತಾಮ್ರದ ಅಭಾವದ ಕಾಲದಲ್ಲಿ ಹಾಕಿದ ಅಲ್ಯೂಮಿನಿಯಂ ತಂತಿಯದು ಬೇರೆ ರೋಗ. ಕಾದು ಆರಿ, ಕಾದು ಆರಿ ಅದು ಸ್ಕ್ರೂವಿನ ಹಿಡಿತದಲ್ಲಿ ಸಡಿಲಾಗುತ್ತದೆ. ಸಡಿಲಾದಲ್ಲಿ ಕಿಡಿ.

ತಂತಿ ತನ್ನ ಮುಪ್ಪನ್ನು ಮುಚ್ಚಿಡುವುದಿಲ್ಲ. ಇಸ್ತ್ರಿ ಹಚ್ಚಿದೊಡನೆ ದೀಪ ಮಂಕಾಗುವುದು, ಸ್ವಿಚ್ಚಿನ ಹಲಗೆ ಕೈಗೆ ಬಿಸಿ ಹತ್ತುವುದು, ಸಾಕೆಟ್ಟಿನ ಬಾಯಿ ಕಂದಾಗುವುದು, ಮೀನು ಸುಟ್ಟಂಥ ವಾಸನೆ, ಚರಚರ ಸಪ್ಪಳ: ಇವುಗಳಲ್ಲಿ ಒಂದು ಕಂಡರೂ ಮೇನ್ ಸ್ವಿಚ್ಚು ಆರಿಸಿ, ಪರವಾನಗಿ ಇದ್ದ ಮೇಸ್ತ್ರಿಯನ್ನು ಕರೆಯತಕ್ಕದ್ದು. ನಳ ಮುಟ್ಟಿದರೆ, ಫ್ರಿಜ್ಜಿನ ಬಾಗಿಲು ಹಿಡಿದರೆ ಕೈ ಜುಮ್ಮೆನ್ನುತ್ತಿದ್ದರೆ ಅದನ್ನು ನಗೆಯ ಮಾತಾಗಿ ತಳ್ಳಿಹಾಕುವಂತಿಲ್ಲ. ಎರಡೇ ತೂತಿನ ಸಾಕೆಟ್ಟಿದ್ದಲ್ಲಿ ಅರ್ಥಿಂಗು ಇಲ್ಲವೆಂದೇ ತಿಳಿಯಬೇಕು. ಅರ್ಥಿಂಗು ಇದ್ದಲ್ಲಿಯೂ ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಒಣಗಿ ಬಿರಿದಾಗ ಅದು ಹೆಸರಿಗಷ್ಟೆ. ಉಪ್ಪು, ಇದ್ದಲು ತುಂಬಿದ ಆ ಕುಣಿಗೆ ನೀರು ಹಾಕುತ್ತಿರಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಫ್ಯೂಜಿನ ಜಾಣತನ. ಮೇಲಿಂದ ಮೇಲೆ ಫ್ಯೂಜು ಹೋಗುತ್ತದೆಂದು ಅದಕ್ಕೆ ದಪ್ಪ ತಾಮ್ರದ ಎಳೆ ಸುತ್ತುವವರು ನಮ್ಮಲ್ಲಿ ಕಡಿಮೆಯಿಲ್ಲ. ಫ್ಯೂಜು ಸುಡುವುದೇ ತಂತಿ ಸುಡಬಾರದೆಂದು. ಅದನ್ನು ಸುಡದಂತೆ ಮಾಡಿದರೆ ಮುಂದಿನ ಸರದಿ ತಂತಿಯದು, ಅದರ ಮುಂದಿನದು ಮಾಡಿನ ಜಂತಿಯದು. ಎಂ.ಸಿ.ಬಿ. ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರಿಗೂ ಒಂದು ಮಾತು: ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರು ಸೋರಿದರೂ ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಬೇರೆ ಸಾಧನವೇ ಬೇಕು. ಮುಂದೆ ಅಂಗಡಿ, ಹಿಂದೆ ಮನೆ ಮಾಡಿಕೊಂಡು ಒಂದೇ ಉದ್ದನೆಯ ವೈರಿನಿಂದ ತಂಪುಪೆಟ್ಟಿಗೆ ನಡೆಸುವ ಅಂಗಡಿಕಾರರು ಇದನ್ನು ಮೊದಲು ಗಮನಿಸಬೇಕು.

ಇಷ್ಟೆಲ್ಲ ಗುರುತು ಬಲ್ಲ ಗಿರಣಿ ಕಾರ್ಮಿಕ ಮಾಡುವುದಾದರೂ ಏನು? ಮನೆ ಅವನದಲ್ಲ. ಹೇಳಿದರೆ "ಬೇಡಾದರ ಮನಿ ಬಿಡ್ರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆ ಈ ಹೊಣೆಯನ್ನು ಸ್ಪಷ್ಟವಾಗಿ ಹಂಚಿದೆ: ಸ್ವಿಚ್ಚು, ಸಾಕೆಟ್ಟುಗಳ ದುರಸ್ತಿ ಬಾಡಿಗೆದಾರನದು, ಮನೆಯ ಒಳಗಿನ, ಹೊರಗಿನ ತಂತಿ ಮಾಲಕನದು. ಇದು ಬರಿಯ ಮಾದರಿ, ಹಿಡಿದು ಜಗ್ಗುವ ಹಗ್ಗವಲ್ಲ ಎಂಬುದು ನಮಗೆ ಗೊತ್ತು. ಆದರೂ ನ್ಯಾಯ ಯಾವ ಕಡೆಗಿದೆಯೆಂದು ತೋರಿಸಲು ಸಾಕು. ಪುಕ್ಕಟೆ ಯುನಿಟ್ಟಿಗೆ ಹಣ ತೆಗೆದಿರಿಸುವ ಸರಕಾರ, ಹಳೆಯ ಮನೆಗಳ ತಂತಿ ಪರೀಕ್ಷೆಗೆ ವಿದ್ಯುತ್ ಪರಿವೀಕ್ಷಕರನ್ನು ಓಣಿಗೆ ಕಳಿಸಲಾರದೇ? ಬಡ ಮಾಲಕರಿಗೆ, ನೀರಿನ ದಾರಿ ಕಾಯುತ್ತಿರುವ ಹಳೆಯ ಊರಿನವರಿಗೆ, ತಂತಿ ಬದಲಿಸಲು ಸುಲಭ ಕಂತಿನ ಸಾಲ ಕೊಡಲಾರದೇ?

ಅಲ್ಲಿಯವರೆಗೆ ಒಬ್ಬೊಬ್ಬರೇ ಹೋಗಿ ಮಾಲಕರೆದುರು ನಿಲ್ಲುವುದು ಬೇಡ. ಒಂದು ವಠಾರದ ಬಾಡಿಗೆಯವರೆಲ್ಲ ಕೂಡಿ ಒಂದೇ ಕಾಗದ ಬರೆಯಲಿ. ಯಾವ ಕೋಣೆಯಲ್ಲಿ ಯಾವ ಸಾಕೆಟ್ಟು ಕಂದಿದೆ, ಯಾವ ನಳ ಜುಮ್ಮೆನ್ನುತ್ತದೆ ಎಂಬುದನ್ನು ತಾರೀಖು ಸಹಿತ ಅದರಲ್ಲಿ ಕಾಣಿಸಿ, ಪರವಾನಗಿದಾರನಿಂದ ಪರೀಕ್ಷೆ ಮಾಡಿಸಿ ವರದಿ ತೋರಿಸಬೇಕೆಂದು ಕೇಳಲಿ. ಎಲ್ಲರೂ ಸಹಿ ಮಾಡಿ, ಒಂದು ನಕಲು ತಮ್ಮಲ್ಲಿಟ್ಟುಕೊಳ್ಳಲಿ.